ಕಡೆಯ ನಮೂದಿನಿಂದ ಮೂರು ವರ್ಷ: ಇಳಕಲ್ಲಿನ ಕಲ್ಲು, ಮಗ್ಗ ಮತ್ತು ಹಾಜರಿ ಪುಸ್ತಕದ ಆಯುಷ್ಯ

ಇಳಕಲ್ಲಿನ ಕ್ವಾರಿಯಿಂದ ಹೊರಡುವ ಗ್ರಾನೈಟ್ ಬ್ಲಾಕಿಗೆ ಮೈಮೇಲೆಯೇ ಸಂಖ್ಯೆ ಬರೆದಿರುತ್ತಾರೆ. ಅದರ ಅಳತೆ, ಕಟ್ಟಿದ ರಾಜಧನ, ಸಾಗಣೆ ಪರವಾನಿಗೆ, ಮಾರಾಟದ ಬಿಲ್ಲು ಎಲ್ಲಕ್ಕೂ ಕಾಗದವಿದೆ. ಮಾಲೀಕರದು ಕಂಪನಿಯಾಗಿದ್ದರೆ ಆ ಲೆಕ್ಕಪತ್ರಗಳನ್ನು 2013ರ ಕಂಪನಿ ಕಾಯ್ದೆಯ 128ನೇ ಕಲಮಿನ ಪ್ರಕಾರ ಕನಿಷ್ಠ 8 ಹಣಕಾಸು ವರ್ಷ ಕಾಪಾಡಬೇಕು. ಅದೇ ಬ್ಲಾಕನ್ನು ಬಂಡೆಯಿಂದ ಬಿಡಿಸಿದ ಕೂಲಿಕಾರನ ಹೆಸರಿರುವ ಪಗಾರ ಪುಸ್ತಕಕ್ಕೆ ನಮ್ಮ ಕಾರ್ಮಿಕ ಕಾನೂನು ದಶಕಗಳ ಕಾಲ ಕೊಟ್ಟ ಆಯುಷ್ಯ ಬಹುಮಟ್ಟಿಗೆ 3 ವರ್ಷ. ದಾಖಲೆ ಇಡಬೇಕಾದ ಅವಧಿಗಳನ್ನು ನಮ್ಮಲ್ಲಿ ತಪಾಸಣೆಗೆ ಬರುವ ಅಧಿಕಾರಿಯ ಅಗತ್ಯ ನೋಡಿ ಗೊತ್ತುಮಾಡಿದ್ದಾರೆ, ದುಡಿದವನ ಹಕ್ಕು ಯಾವಾಗ ಕೈಗೆ ಬರುತ್ತದೆ ಎಂಬುದನ್ನು ಗಮನಿಸಿಲ್ಲ ಎಂಬುದು ಈ ಲೇಖನದ ವಾದ.

ಈ ವಾದವನ್ನು ಒರೆಗೆ ಹಚ್ಚಲು ಇಳಕಲ್ ತಕ್ಕ ಊರು. ಹುನಗುಂದದಿಂದ ಬೇರೆಯಾಗಿ ಈಗ ತಾಲ್ಲೂಕು ಕೇಂದ್ರವಾಗಿರುವ ಈ ಪಟ್ಟಣದಲ್ಲಿ ಎರಡು ದುಡಿಮೆಗಳು ಒತ್ತೊತ್ತಿಗೆ ನಡೆಯುತ್ತವೆ. ಒಂದು ನಸುಗೆಂಪು ಗ್ರಾನೈಟಿನ ಕ್ವಾರಿ, ಕಟಿಂಗ್ ಮತ್ತು ಪಾಲಿಶ್ ಕೆಲಸ. ಇನ್ನೊಂದು ಭೌಗೋಳಿಕ ಸೂಚಕ ಪಡೆದ ಇಳಕಲ್ ಸೀರೆ. ಕುಣಿಮಗ್ಗದಲ್ಲಿ ಕುಳಿತು, ಮೈಯ ಹಾಸಿಗೆ ಸೆರಗಿನ ಹಾಸನ್ನು ಕೊಂಡಿ ಹಾಕಿ ಜೋಡಿಸುವ ನೇಕಾರಿಕೆ ಅದು. ಕಲ್ಲಿನ ಕೆಲಸದಲ್ಲಿ ದಾಖಲೆ ಇಡಬೇಕೆಂಬ ನಿಯಮಗಳಿಗೆ ಬರವಿಲ್ಲ, ಅವಧಿ ಸಾಲದು. ಮಗ್ಗದ ಕೆಲಸದಲ್ಲಿ ಲೆಕ್ಕ ಇದೆ, ಆದರೆ ಆ ಲೆಕ್ಕ ಕಾನೂನಿನ ಕಣ್ಣಿಗೆ ಬೀಳುವುದೇ ಅಪರೂಪ.

ಮೂರರ ಅಂಕಿ ಎಲ್ಲಿಂದ ಬಂತು?

1936ರ ವೇತನ ಪಾವತಿ ಕಾಯ್ದೆಯ 13ಎ ಕಲಂ, 1950ರ ಕನಿಷ್ಠ ವೇತನ ಕೇಂದ್ರ ನಿಯಮಗಳ 26ಎ ನಿಯಮ, 1971ರ ಗುತ್ತಿಗೆ ಕಾರ್ಮಿಕ ಕೇಂದ್ರ ನಿಯಮಗಳು, ಈ ಮೂರೂ ಒಂದೇ ಮಾತು ಹೇಳುತ್ತಿದ್ದವು: ರಿಜಿಸ್ಟರನ್ನು ಕಡೆಯ ನಮೂದಿನಿಂದ 3 ವರ್ಷ ಕಾಪಾಡಬೇಕು. 1963ರ ಕಾಲಮಿತಿ ಕಾಯ್ದೆಯ 7ನೇ ಅನುಚ್ಛೇದದಲ್ಲಿ ಬಾಕಿ ಕೂಲಿಯ ದಾವೆಗೆ ಇರುವ ಅವಧಿಯೂ 3 ವರ್ಷ. ವೇತನ ಪಾವತಿ ಪ್ರಾಧಿಕಾರದ ಮುಂದೆ ಅರ್ಜಿ ಹಾಕಲು 12 ತಿಂಗಳು, ಕನಿಷ್ಠ ವೇತನದ ವ್ಯತ್ಯಾಸ ಕೇಳಲು 6 ತಿಂಗಳು ಮಾತ್ರ ಇದ್ದ ಕಾಲದಲ್ಲಿ 3 ವರ್ಷ ಉದಾರವಾಗಿಯೇ ಕಂಡಿರಬೇಕು. ಕಾರ್ಮಿಕ ರಾಜ್ಯ ವಿಮೆಯ ನಿಬಂಧನೆಗಳು ನೌಕರರ ರಿಜಿಸ್ಟರಿಗೂ ಅಪಘಾತ ಪುಸ್ತಕಕ್ಕೂ 5 ವರ್ಷ ಹೇಳುತ್ತವೆ. ತೆರಿಗೆಯ ಕಡೆ ಬಂದರೆ ಅವಧಿ ಬೆಳೆಯುತ್ತದೆ. ಜಿಎಸ್‌ಟಿ ಕಾಯ್ದೆಯ 36ನೇ ಕಲಂ ವಾರ್ಷಿಕ ರಿಟರ್ನಿನ ಕೊನೆಯ ದಿನದಿಂದ 72 ತಿಂಗಳು ಎನ್ನುತ್ತದೆ. 2023-24ರ ಬಿಲ್ಲುಗಳನ್ನು ಈ ಲೆಕ್ಕದಲ್ಲಿ 2030ರ ಡಿಸೆಂಬರ್ ಕೊನೆಯವರೆಗೆ ಇಡಬೇಕು. ಸರ್ಕಾರಕ್ಕೆ ಬರಬೇಕಾದ ಹಣದ ದಾಖಲೆ, ಕೂಲಿಕಾರನಿಗೆ ಬರಬೇಕಾದ ಹಣದ ದಾಖಲೆಗಿಂತ ಎರಡು ಪಟ್ಟು ಬಾಳುತ್ತದೆ.

‘ಕಡೆಯ ನಮೂದು’ ಎಂಬ ಅಳತೆಯೂ ಸರಳವಲ್ಲ. ದಪ್ಪ ಪುಸ್ತಕವೊಂದನ್ನು 2010ರಲ್ಲಿ ತೆರೆದು 2016ರ ಮಾರ್ಚಿನಲ್ಲಿ ಮುಗಿಸಿದ್ದರೆ ಅದರ ಮೊದಲ ಪುಟಕ್ಕೆ ಒಂಬತ್ತು ವರ್ಷದ ಆಯುಷ್ಯ ಸಿಗುತ್ತದೆ, ಕೊನೆಯ ಪುಟಕ್ಕೆ ಮೂರು. ಪ್ರತಿ ತಿಂಗಳು ಬಿಡಿ ಹಾಳೆ ಹೊಲಿದು ಇಡುವ ಮೇಸ್ತ್ರಿಯ ಲೆಕ್ಕ ತಿಂಗಳು ತಿಂಗಳಿಗೂ ಸಾಯುತ್ತಾ ಹೋಗುತ್ತದೆ. 2017ರಲ್ಲಿ ಕೇಂದ್ರವು 9 ಕಾನೂನುಗಳಡಿಯ 56 ರಿಜಿಸ್ಟರುಗಳನ್ನು 5ಕ್ಕೆ ಇಳಿಸಿ, ಕಂಪ್ಯೂಟರಿನಲ್ಲೂ ಇಡಬಹುದೆಂದಿತು. ಬೆಳೆಯುತ್ತಲೇ ಇರುವ ಕಂಪ್ಯೂಟರ್ ಕಡತದಲ್ಲಿ ಕಡೆಯ ನಮೂದು ಯಾವುದು? ಒಂದೇ ಕಡತ ಎಂದುಕೊಂಡರೆ ಅವಧಿ ಎಂದೂ ಮುಗಿಯದು. ತಿಂಗಳಿಗೊಂದು ಕಡತ ಎಂದುಕೊಂಡರೆ ಹೊಲಿದ ಹಾಳೆಗಳ ಗತಿಯೇ. ಕಾಗದದ ಪುಸ್ತಕಕ್ಕೆಂದು ಬರೆದ ನಿಯಮವನ್ನು ಹಾಗೆಯೇ ಹೊತ್ತು ತಂದದ್ದರ ಫಲ ಇದು.

ಐದು ವರ್ಷದ ಹಕ್ಕು, ಮೂರು ವರ್ಷದ ಸಾಕ್ಷಿ

1972ರ ಉಪದಾನ ಕಾಯ್ದೆಯನ್ನು, ಜನರ ಬಾಯಲ್ಲಿ ಗ್ರ್ಯಾಚುಯಿಟಿಯನ್ನು, ತೆಗೆದುಕೊಳ್ಳೋಣ. ಹತ್ತು ಮಂದಿ ದುಡಿಯುವ ಕಡೆ ಸತತ 5 ವರ್ಷ ಸೇವೆ ಮಾಡಿದವರಿಗೆ ವರ್ಷಕ್ಕೆ 15 ದಿನದ ವೇತನ. ಪಾಲಿಶ್ ಘಟಕದಲ್ಲಿ 28 ವರ್ಷ ದುಡಿದವರೊಬ್ಬರ ಕೊನೆಯ ಮಾಸಿಕ ವೇತನ 15,600 ರೂಪಾಯಿ ಎಂದುಕೊಳ್ಳಿ. 26ರಿಂದ ಭಾಗಿಸಿದರೆ ದಿನಕ್ಕೆ 600, ವರ್ಷಕ್ಕೆ 9,000, ಒಟ್ಟು 2,52,000 ರೂಪಾಯಿ. ಮಾಲೀಕರು ನಿಯಮಕ್ಕೆ ತಪ್ಪದೆ 3 ವರ್ಷದ ಪುಸ್ತಕವನ್ನಷ್ಟೇ ಇಟ್ಟಿದ್ದಾರೆ. ಆ ಪುಸ್ತಕದಿಂದ ಸಾಬೀತಾಗುವ ಸೇವೆ 3 ವರ್ಷ. ಸಿಗುವ ಗ್ರ್ಯಾಚುಯಿಟಿ ಸೊನ್ನೆ. ಹಕ್ಕು ಹುಟ್ಟಲು ಬೇಕಾದ ಅವಧಿಗಿಂತ ಸಾಕ್ಷಿ ಉಳಿಯಬೇಕಾದ ಅವಧಿಯೇ ಚಿಕ್ಕದಾಗಿರುವುದು ಎಲ್ಲಿಯ ನ್ಯಾಯ? ಭವಿಷ್ಯ ನಿಧಿಯ ಪಿಂಚಣಿಗೆ 10 ವರ್ಷದ ಸೇವೆ ಬೇಕು. ಒಬ್ಬ ನೌಕರನಿಗೆ ಎಲ್ಲಿ ಹೋದರೂ ಒಂದೇ ಸಂಖ್ಯೆ ಎಂಬ ಯುಎಎನ್ ಬಂದದ್ದು 2014ರಲ್ಲಿ. ಅದಕ್ಕೆ ಮುಂಚೆ ಮಾಲೀಕ ಬದಲಾದಂತೆ ಖಾತೆಯ ಸಂಖ್ಯೆಯೂ ಬದಲಾಗುತ್ತಿತ್ತು. ಒಂದು ಕಡೆ ಅಡ್ಡಹೆಸರು ಸೇರಿ, ಇನ್ನೊಂದು ಕಡೆ ಅಪ್ಪನ ಹೆಸರು ಸೇರಿ ದಾಖಲಾದ ಕೂಲಿಕಾರ ತಾನೇ ತಾನೆಂದು ತೋರಿಸಲು ಹಳೆಯ ಮಾಲೀಕರ ಪುಸ್ತಕವನ್ನೇ ಹುಡುಕಬೇಕು.

ಕೋರ್ಟುಗಳು ಈ ಕೊರತೆಯನ್ನು ಸ್ವಲ್ಪ ಮಟ್ಟಿಗೆ ತುಂಬಿವೆ. ಕರ್ನಾಟಕದಿಂದಲೇ ಹೋದ ಆರ್.ಎಂ. ಯೆಲ್ಲಟ್ಟಿ ವಿರುದ್ಧ ಸಹಾಯಕ ಕಾರ್ಯನಿರ್ವಾಹಕ ಇಂಜಿನಿಯರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2005ರ ನವೆಂಬರಿನಲ್ಲಿ ತೀರ್ಪು ಕೊಟ್ಟಿತು. ವರ್ಷದಲ್ಲಿ 240 ದಿನ ದುಡಿದದ್ದನ್ನು ತೋರಿಸುವ ಭಾರ ಕಾರ್ಮಿಕನದೇ ಎಂದ ಕೋರ್ಟು, ದಿನಗೂಲಿಯವನ ಕೈಯಲ್ಲಿ ನೇಮಕಾತಿ ಪತ್ರವೂ ಇರುವುದಿಲ್ಲ, ರಸೀದಿಯೂ ಇರುವುದಿಲ್ಲ ಎಂಬ ವಾಸ್ತವವನ್ನು ಒಪ್ಪಿತು. ಅವನು ಸಾಕ್ಷಿಪೆಟ್ಟಿಗೆ ಹತ್ತಿ ಹೇಳಿ, ಮಸ್ಟರ್ ರೋಲ್ ತರಿಸಲು ಕೇಳಬಹುದು. ಆದರೆ ತರದಿದ್ದ ಮಾತ್ರಕ್ಕೆ ಮಾಲೀಕನ ವಿರುದ್ಧ ತೀರ್ಮಾನಿಸಲೇಬೇಕೆಂದಿಲ್ಲ, ಅದು ಆಯಾ ಪ್ರಕರಣದ ಸಂಗತಿಗಳಿಗೆ ಬಿಟ್ಟದ್ದು. ಆ ಪ್ರಕರಣದಲ್ಲಿ ಕಾರ್ಮಿಕನನ್ನು ಉಳಿಸಿದ್ದು ಅವನ ಬಳಿಯೇ ಇದ್ದ ಒಂದು ಸೇವಾ ಪ್ರಮಾಣಪತ್ರ. ಈ ವಿವರವನ್ನು ನಾನು ತೀರ್ಪಿನ ತತ್ತ್ವಕ್ಕಿಂತ ಮುಖ್ಯವೆಂದು ಎಣಿಸುತ್ತೇನೆ. 3 ವರ್ಷ ಮುಗಿದ ಮೇಲೆ ಪುಸ್ತಕ ಸುಟ್ಟ ಮಾಲೀಕ ಕಾನೂನು ಮುರಿದಿಲ್ಲ. ಕಾನೂನು ಮುರಿಯದವನ ಮೇಲೆ ಪ್ರತಿಕೂಲ ಊಹೆ ಮಾಡಲು ನ್ಯಾಯಾಧೀಶರು ಹಿಂಜರಿದರೆ ಆಶ್ಚರ್ಯವೇನು?

ಬಿಡಿ ಚೀಟಿಗಳ ಪಾಡು ಇನ್ನೂ ಕಷ್ಟ. ಕ್ರಮವಾಗಿ ಬರೆದ ಲೆಕ್ಕದ ಪುಸ್ತಕಕ್ಕೆ ಸಾಕ್ಷ್ಯದ ಬೆಲೆ ಇದೆ, ಬಿಡಿ ಹಾಳೆಗಳು ಪುಸ್ತಕವಲ್ಲ ಎಂದು ಸುಪ್ರೀಂ ಕೋರ್ಟ್ 1998ರಲ್ಲಿ ಹವಾಲಾ ಡೈರಿಗಳ ಪ್ರಕರಣದಲ್ಲಿ ಹೇಳಿತು. ದೊಡ್ಡವರ ಹಣದ ಬಗ್ಗೆ ಹೇಳಿದ ಆ ಮಾತು ಮೇಸ್ತ್ರಿಯ ಚೀಟಿಗೂ ತಗಲುತ್ತದೆ.

ಧೂಳಿನ ಲೆಕ್ಕ

ಕೂಲಿ, ಗ್ರ್ಯಾಚುಯಿಟಿ ಹಣದ ಮಾತಾಯಿತು. ಉಸಿರಿನ ವಿಷಯದಲ್ಲಿ ಈ ಅವಧಿಗಳು ಪೂರ್ತಿ ಸೋಲುತ್ತವೆ. ಗ್ರಾನೈಟಿನ ಮುಖ್ಯ ಖನಿಜಗಳಲ್ಲಿ ಐದನೇ ಒಂದು ಭಾಗಕ್ಕೂ ಹೆಚ್ಚು ಕ್ವಾರ್ಟ್ಜ್. ಅದನ್ನು ಒಣದಾಗಿ ಕೊರೆದಾಗ, ಕತ್ತರಿಸಿದಾಗ ಏಳುವ ಸಣ್ಣ ಸಿಲಿಕಾ ಕಣ ಶ್ವಾಸಕೋಶದ ಆಳಕ್ಕೆ ಇಳಿದು ಗಾಯ ಮಾಡುತ್ತದೆ. ಸಿಲಿಕೋಸಿಸ್ ಸಾಮಾನ್ಯವಾಗಿ ಕಾಣಿಸಿಕೊಳ್ಳಲು ಹತ್ತು ವರ್ಷವೋ ಅದಕ್ಕೂ ಹೆಚ್ಚೋ ಬೇಕು. ಕೆಲಸ ಬಿಟ್ಟ ಮೇಲೂ ಅದು ಮುಂದುವರಿಯಬಹುದು, ವಾಸಿಯಾಗುವುದಿಲ್ಲ. ಕೆಮ್ಮು, ಎದೆನೋವು, ತೂಕ ಇಳಿಯುವುದು ನೋಡಿ ಕ್ಷಯವೆಂದು ಔಷಧಿ ಕೊಡುವುದೂ ಉಂಟು. ಕ್ಷಯವಲ್ಲ, ಕಲ್ಲಿನ ಧೂಳು ಎಂದು ವೈದ್ಯರು ಹೇಳಬೇಕಾದರೆ ರೋಗಿ ಎಲ್ಲಿ, ಎಷ್ಟು ವರ್ಷ, ಯಾವ ಕೆಲಸ ಮಾಡಿದ್ದ ಎಂಬುದು ಗೊತ್ತಾಗಬೇಕು. ಉದ್ಯೋಗದ ಇತಿಹಾಸ ಇಲ್ಲಿ ಎಕ್ಸ್‌ರೇಯಷ್ಟೇ ಮುಖ್ಯ.

ಗಣಿ ನಿಯಮಗಳು ಕೆಲಸಕ್ಕೆ ಸೇರುವಾಗ ಒಮ್ಮೆ, ಬಳಿಕ 5 ವರ್ಷಕ್ಕೊಮ್ಮೆ ವೈದ್ಯಕೀಯ ಪರೀಕ್ಷೆ ಮಾಡಿಸಲು ಹೇಳುತ್ತವೆ. ಅಂದರೆ ಎರಡು ಪರೀಕ್ಷೆಗಳ ನಡುವಿನ ಅಂತರವೇ ಪಗಾರ ಪುಸ್ತಕದ ಆಯುಷ್ಯಕ್ಕಿಂತ ದೊಡ್ಡದು. ಕ್ವಾರಿಯ ಕೂಲಿಕಾರ ಒಂದೇ ಕಡೆ ನಿಲ್ಲುವವನೂ ಅಲ್ಲ. ಬಂಡೆ ಮುಗಿದರೆ, ಮುಂಗಡ ಹೆಚ್ಚು ಕೊಡುವವರು ಸಿಕ್ಕರೆ ಇನ್ನೊಂದು ಕ್ವಾರಿ. ಇದನ್ನು 1923ರ ಪರಿಹಾರ ಕಾಯ್ದೆ ಮುಂದಾಗಿ ಊಹಿಸಿತ್ತು. ಅದರ 3(2ಎ) ಉಪಕಲಮಿನಂತೆ ಧೂಳಿನ ಇಂಥ ಕಾಯಿಲೆ ಹಲವು ಮಾಲೀಕರ ಕೈಕೆಳಗಿನ ದುಡಿಮೆಯಿಂದ ಬಂದಿದ್ದರೆ ಎಲ್ಲರೂ ಹೊಣೆಯಾಗುತ್ತಿದ್ದರು, ಯಾರು ಎಷ್ಟು ಕೊಡಬೇಕೆಂದು ಆಯುಕ್ತರು ಹಂಚುತ್ತಿದ್ದರು. ಬಹಳ ನ್ಯಾಯವಾದ ವ್ಯವಸ್ಥೆ. ಹಂಚಲು ಬೇಕಾದ ಪುಸ್ತಕಗಳು ಮಾತ್ರ ಹದಿನೈದು ವರ್ಷದ ಹಿಂದೆಯೇ ರದ್ದಿಗೆ ಹೋಗಿರಬಹುದು.

ಬೇರೆ ಅಳತೆ ಸಾಧ್ಯವೇ ಇಲ್ಲವೆಂದಲ್ಲ. 1995ರ ಜನವರಿ 27ರಂದು ಕನ್ಸ್ಯೂಮರ್ ಎಜುಕೇಶನ್ ಅಂಡ್ ರಿಸರ್ಚ್ ಸೆಂಟರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಕಲ್ನಾರು ಉದ್ಯಮಗಳಿಗೆ ಆದೇಶಿಸಿತು: ಪ್ರತಿ ಕಾರ್ಮಿಕನ ಆರೋಗ್ಯ ದಾಖಲೆಯನ್ನು ಕೆಲಸಕ್ಕೆ ಸೇರಿದಂದಿನಿಂದ ಕನಿಷ್ಠ 40 ವರ್ಷ, ಇಲ್ಲವೇ ನಿವೃತ್ತಿಯ ಬಳಿಕ 15 ವರ್ಷ, ಯಾವುದು ಮುಂದಿನದೋ ಅಲ್ಲಿಯವರೆಗೆ ಇಡಬೇಕು. ಬ್ರಿಟನ್ನಿನ ಅಪಾಯಕಾರಿ ವಸ್ತುಗಳ ನಿಯಮಗಳೂ ಆರೋಗ್ಯ ದಾಖಲೆಗೆ 40 ವರ್ಷ ಕೇಳುತ್ತವೆ, ಅಮೆರಿಕದಲ್ಲಿ ಉದ್ಯೋಗದ ಅವಧಿಯ ಮೇಲೆ 30 ವರ್ಷ. ಈ ಅಂಕಿಗಳನ್ನು ಕಾಯಿಲೆಯ ನಡಿಗೆ ನೋಡಿ ಗೊತ್ತುಮಾಡಿದ್ದಾರೆ. ಕಲ್ನಾರಿನ ಎಳೆ ಮತ್ತು ಗ್ರಾನೈಟಿನ ಧೂಳು ಎರಡೂ ಒಂದೇ ಜಾತಿಯ ನಿಧಾನ ವಿಷ. ಒಂದಕ್ಕೆ 40 ವರ್ಷ ಕೊಟ್ಟ ಕಾರಣ ಇನ್ನೊಂದಕ್ಕೆ ಏಕೆ ಅನ್ವಯಿಸದು ಎಂಬುದಕ್ಕೆ ಒಪ್ಪಬಹುದಾದ ಉತ್ತರ ನನಗೆ ತೋಚುವುದಿಲ್ಲ.

ಸಾಹುಕಾರರ ಖಾತೆ

ನೇಕಾರರದು ಬೇರೆಯೇ ಕತೆ. ಸಾಹುಕಾರರು ನೂಲು, ರೇಷ್ಮೆ ಕೊಡುತ್ತಾರೆ. ನೇಕಾರ ಮನೆಯ ಮಗ್ಗದಲ್ಲಿ ನೇಯ್ದು ಸೀರೆ ಒಪ್ಪಿಸಿ ಮಜೂರಿ ಪಡೆಯುತ್ತಾನೆ. ಕೊಟ್ಟ ನೂಲಿನ ತೂಕ, ಬಂದ ಸೀರೆ, ಮುಂಗಡ, ಮುರಿದುಕೊಂಡ ಬಾಕಿ ಇವೆಲ್ಲ ಖಾತೆಯಲ್ಲಿ ಏರುತ್ತವೆ. ದೀಪಾವಳಿಗೆ ಹೊಸ ಖಾತೆಯ ಪೂಜೆಯಾಗುವಾಗ ಹಳೆಯದರಿಂದ ಹೊಸದಕ್ಕೆ ತಪ್ಪದೆ ದಾಟುವ ಅಂಕಿ ಎಂದರೆ ನೇಕಾರನ ಬಾಕಿ. ಅವನು ಎಷ್ಟು ವರ್ಷ ನೇಯ್ದ ಎಂಬುದನ್ನು ದಾಟಿಸುವ ಅಂಕಣವಿಲ್ಲ. ಹೀಗೆ ಸಾಲಕ್ಕೆ ನೆನಪಿದೆ, ದುಡಿಮೆಗಿಲ್ಲ.

ವಿಚಿತ್ರವೆಂದರೆ 1948ರ ಕನಿಷ್ಠ ವೇತನ ಕಾಯ್ದೆ ಇಂಥವರನ್ನು ಮರೆತಿರಲಿಲ್ಲ. ಸರಕು ಪಡೆದು ಹೊರಗೆ, ಮನೆಯಲ್ಲಿ ಮಾಡಿಕೊಡುವವನನ್ನೂ ಅದರ 2(ಐ) ಕಲಂ ನೌಕರನೆಂದೇ ಎಣಿಸುತ್ತಿತ್ತು. 2019ರ ವೇತನ ಸಂಹಿತೆಯ ನೌಕರ ವ್ಯಾಖ್ಯೆಯಲ್ಲಿ ಆ ಮಾತಿಲ್ಲ. ಮನೆಯಲ್ಲಿ ದುಡಿಯುವವನು ಈಗ 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿ ‘ಗೃಹಾಧಾರಿತ ಕಾರ್ಮಿಕ’ನಾಗಿ ಕಾಣಿಸುತ್ತಾನೆ, ಯೋಜನೆಗೆ ಹೆಸರು ನೋಂದಾಯಿಸಿಕೊಳ್ಳಬಹುದಾದ ಫಲಾನುಭವಿ. ನೂಲು ಕೊಟ್ಟವರ ಪುಸ್ತಕದ ಮೇಲೆ ಅವನಿಗಿದ್ದ ಹಿಡಿತ ಸಡಿಲವಾಯಿತು.

ಈ ಸಂಹಿತೆಗಳು 2025ರ ನವೆಂಬರ್ 21ರಂದು ಜಾರಿಗೆ ಬಂದಿವೆ. ಅವುಗಳಲ್ಲಿ ಒಳ್ಳೆಯದೂ ಇದೆ. ವೇತನದ ಕ್ಲೇಮಿಗೆ ಈಗ 3 ವರ್ಷ ಸಮಯ ಸಿಕ್ಕಿದೆ. ವೇತನ ಸಂಹಿತೆಯ 59ನೇ ಕಲಮಿನ ಪ್ರಕಾರ ವೇತನ ಕೊಟ್ಟಿದ್ದೇನೆಂದು ಸಾಬೀತು ಮಾಡುವ ಭಾರ ಮಾಲೀಕನದು. ಭವಿಷ್ಯ ನಿಧಿಯ ಬಾಕಿ ನಿರ್ಧರಿಸುವ ವಿಚಾರಣೆಗೆ ಹಿಂದೆ ಕಾಲಮಿತಿಯೇ ಇರಲಿಲ್ಲ, ಈಗ 5 ವರ್ಷ. ಇದು ಮಾಲೀಕರಿಗೆ ಸಮಾಧಾನ. ಆದರೆ ಇಳಕಲ್ಲಿನಲ್ಲಿ ಈಗ ಐವತ್ತು ದಾಟಿದ ಕಾರ್ಮಿಕನ ದುಡಿಮೆಯ ಬಹುಪಾಲು ಹಳೆಯ ಕಾನೂನಿನ ಕಾಲದ್ದು, ಹಳೆಯ ಪುಸ್ತಕಗಳಲ್ಲಿದ್ದದ್ದು.

ಇದರ ಮೇಲೆ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ. ಉದ್ದೇಶ ಮುಗಿದ ಮೇಲೆ ವೈಯಕ್ತಿಕ ಮಾಹಿತಿಯನ್ನು ಅಳಿಸಬೇಕು, ಬೇರೆ ಕಾನೂನು ಇಡಬೇಕೆಂದರೆ ಮಾತ್ರ ಇಡಬಹುದು ಎಂಬುದು ಅದರ 8(7) ಉಪಕಲಮಿನ ಸಾರ. ಇಲ್ಲಿಯವರೆಗೆ 3 ವರ್ಷ ಎಂಬುದು ಕನಿಷ್ಠವಾಗಿತ್ತು. ಮನಸ್ಸಿದ್ದ ಮಾಲೀಕರು ಮೂವತ್ತು ವರ್ಷ ಇಟ್ಟರೂ ಯಾರೂ ಕೇಳುತ್ತಿರಲಿಲ್ಲ. ಇನ್ನು ಮುಂದೆ ಅದೇ ಅಂಕಿ ಗರಿಷ್ಠವಾಗಿ ತಿರುಗುವ ಅಪಾಯವಿದೆ. ವಕೀಲರ ಸಲಹೆ ಪಡೆದ ಸಂಸ್ಥೆ ಮೊದಲು ಅಳಿಸುವುದು ಬಿಟ್ಟುಹೋದ ನೌಕರರ ಕಡತವನ್ನೇ. ಕಾರ್ಮಿಕನ ಖಾಸಗಿತನಕ್ಕೆಂದು ಬಂದ ಕಾನೂನು ಅವನ ಸಾಕ್ಷಿಯನ್ನೇ ಅಳಿಸದಿರಬೇಕಾದರೆ ಕಾರ್ಮಿಕ ನಿಯಮಗಳಲ್ಲಿ ದೀರ್ಘಾವಧಿಯನ್ನು ಸ್ಪಷ್ಟವಾಗಿ ಬರೆಯಬೇಕು.

ಎಲ್ಲ ಕಾಗದವನ್ನೂ 40 ವರ್ಷ ಇಡಿ ಎಂದರೆ ಸಣ್ಣ ಪಾಲಿಶ್ ಘಟಕದವರು ನಗುತ್ತಾರೆ, ಅದು ನ್ಯಾಯವೇ. ಬೇಕಾದದ್ದು ಕಡಿಮೆ: ಹೆಸರು, ಸೇರಿದ ದಿನ, ಬಿಟ್ಟ ದಿನ, ಮಾಡಿದ ಕೆಲಸ, ಎದೆಯ ಪರೀಕ್ಷೆಯ ಫಲಿತಾಂಶ. ಒಬ್ಬರಿಗೆ ಒಂದು ಹಾಳೆ. ಇದನ್ನು ಯಾರ ಬಳಿ ಇಡಬೇಕು ಎಂಬ ಪ್ರಶ್ನೆ ಅವಧಿಯಷ್ಟೇ ದೊಡ್ಡದು. ಆಲಮಟ್ಟಿಯ ಹಿನ್ನೀರಿಗೆ ಹೊಲಮನೆ ಬಿಟ್ಟುಕೊಟ್ಟ ಈ ಜಿಲ್ಲೆಯ ಜನರಿಗೆ ಉತಾರದ ಬೆಲೆ ಗೊತ್ತು. ಪರಿಹಾರ ಕೇಳುವವನ ಉತಾರವನ್ನು ಸರ್ಕಾರ ಇಟ್ಟುಕೊಂಡಿರುತ್ತದೆ. ಕೂಲಿಕಾರನ ಸೇವೆಯ ದಾಖಲೆಯನ್ನು ಅವನು ಯಾರ ಮೇಲೆ ಕ್ಲೇಮು ಹಾಕಬೇಕೋ ಅವರೇ ಇಟ್ಟುಕೊಂಡಿರುತ್ತಾರೆ. ಕ್ವಾರಿ ಗುತ್ತಿಗೆ 1994ರ ಕರ್ನಾಟಕ ಉಪಖನಿಜ ರಿಯಾಯಿತಿ ನಿಯಮಗಳಡಿ ಸಿಗುತ್ತದೆ, ನವೀಕರಣ ಮತ್ತು ಮುಕ್ತಾಯ ಎರಡೂ ಗಣಿ ಮತ್ತು ಭೂವಿಜ್ಞಾನ ಇಲಾಖೆಯ ಮೂಲಕವೇ ನಡೆಯಬೇಕು. ಗುತ್ತಿಗೆ ಒಪ್ಪಿಸುವಾಗ ರಾಜಧನದ ಬಾಕಿ ತೀರಿದೆಯೇ ಎಂದು ನೋಡುವ ಮೇಜಿನ ಮೇಲೆಯೇ ಕಾರ್ಮಿಕರ ಹಾಳೆಗಳನ್ನೂ ಒಪ್ಪಿಸಿಕೊಳ್ಳಬಹುದು. ಅದರ ಪ್ರತಿ ಒಂದು ಕಾರ್ಮಿಕನ ಕೈಗೆ, ಇನ್ನೊಂದು ಜಿಲ್ಲಾ ಕಾರ್ಮಿಕ ಕಚೇರಿಗೆ. ಸೀರೆಯ ಸಾಹುಕಾರರಿಗೆ ಗುತ್ತಿಗೆಯೂ ಇಲ್ಲ, ಒಪ್ಪಿಸುವ ದಿನವೂ ಇಲ್ಲ. ಅಲ್ಲಿ ನೂಲು ತೂಗುವಾಗ ಬರೆಯುವ ಲೆಕ್ಕವನ್ನೇ ನೇಕಾರನ ಪಾಸ್‌ಬುಕ್ಕಿನಲ್ಲೂ ಬರೆದು ಸಹಿ ಮಾಡಿಕೊಡುವುದನ್ನು ಸಾಮಾಜಿಕ ಭದ್ರತಾ ನಿಯಮಗಳಲ್ಲಿ ಕಡ್ಡಾಯ ಮಾಡಬೇಕಾಗುತ್ತದೆ.