ದೆಹಲಿಯ ಚಳಿಗಾಲದ ವಾಯುಮಾಲಿನ್ಯ ಮುನ್ಸೂಚನೆ: ಹವಾಮಾನ ಮಾದರಿಗಳ ಮೌಲ್ಯಮಾಪನ

ವಾಯುಗುಣಮಟ್ಟದ ಮುನ್ಸೂಚನೆ ನಿಂತಿರುವುದು ಹವಾಮಾನದ ಮುನ್ಸೂಚನೆಯ ಮೇಲೆ. ನಗರವೊಂದರ ವಾಹನ, ಒಲೆ, ಕಾರ್ಖಾನೆಗಳು ಉಗುಳುವ ಹೊಗೆ ದಿನದಿಂದ ದಿನಕ್ಕೆ ಅಷ್ಟಾಗಿ ಬದಲಾಗದಿದ್ದರೂ ಒಂದು ದಿನ ಅದು ಚದುರಿಹೋಗುತ್ತದೆ, ಮರುದಿನ ನೆಲಕ್ಕಂಟಿ ನಿಲ್ಲುತ್ತದೆ. ಇದನ್ನು ನಿರ್ಧರಿಸುವುದು ಮುಖ್ಯವಾಗಿ ಗಾಳಿ ಮತ್ತು ಹೊಗೆ ಬೆರೆಯಲು ಸಿಗುವ ಮಿಶ್ರಣ ಪದರದ ಎತ್ತರ. ಪುಣೆಯ ಭಾರತೀಯ ಉಷ್ಣವಲಯ ಹವಾಮಾನ ವಿಜ್ಞಾನ ಸಂಸ್ಥೆಯು 2018ರ ಅಕ್ಟೋಬರ್‌ನಲ್ಲಿ ದೆಹಲಿಗಾಗಿ ಆರಂಭಿಸಿದ ಮುನ್ನೆಚ್ಚರಿಕೆ ವ್ಯವಸ್ಥೆಯಲ್ಲಿ ಹವಾಮಾನ, ರಸಾಯನ ಎರಡನ್ನೂ ಜೊತೆಯಾಗಿ ಲೆಕ್ಕಹಾಕುವ ಡಬ್ಲ್ಯೂಆರ್‌ಎಫ್-ಕೆಮ್ ಮಾದರಿ ಬಳಕೆಯಾಗಿದೆ.

ಇಂಥ ಮಾದರಿಗಳನ್ನು ಒರೆಗೆ ಹಚ್ಚಲು ಹೆಚ್ಚಾಗಿ ಬಳಸುವ ಮಾನದಂಡಗಳು 2001ರಲ್ಲಿ ಅಮೆರಿಕದ ಟೆಕ್ಸಸ್‌ನ ಓಝೋನ್ ಅಧ್ಯಯನಕ್ಕೆಂದು ರೂಪುಗೊಂಡವು. ಗಾಳಿವೇಗದ ಸರಾಸರಿ ವ್ಯತ್ಯಾಸ ಸೆಕೆಂಡಿಗೆ 0.5 ಮೀಟರ್, ದಿಕ್ಕಿನ ದೋಷ 30 ಡಿಗ್ರಿ ದಾಟಬಾರದು ಎಂಬುದು ಅವುಗಳಲ್ಲಿ ಸೇರಿದೆ. ಗಂಗಾ ಬಯಲಿನ ಚಳಿಗಾಲಕ್ಕೆ ಈ ಅಳತೆಗೋಲು ಸಾಲದು. ಡಿಸೆಂಬರ್ ರಾತ್ರಿಯೊಂದರಲ್ಲಿ ನಿಜವಾದ ಗಾಳಿ ಸೆಕೆಂಡಿಗೆ 1 ಮೀಟರ್ ಇದ್ದು, ಮಾದರಿ 1.5 ಎಂದು ತೋರಿಸಿತೆನ್ನಿ. ವೇಗದ ಪರೀಕ್ಷೆಯಲ್ಲಿ ಮಾದರಿ ತೇರ್ಗಡೆ. ಆದರೆ ನಗರದ ಗಾಳಿಯನ್ನು ಒಂದು ಪೆಟ್ಟಿಗೆಯೆಂದು ಭಾವಿಸುವ ಸರಳ ಲೆಕ್ಕದಲ್ಲಿ ಮಾಲಿನ್ಯದ ಸಾಂದ್ರತೆ ಮೂರನೇ ಒಂದು ಭಾಗದಷ್ಟು ಕಡಿಮೆಯಾಗಿ ಕಾಣುತ್ತದೆ. ಜನರನ್ನು ಎಚ್ಚರಿಸಬೇಕಾದ ರಾತ್ರಿಯೇ ಮುನ್ಸೂಚನೆ ಸುಮ್ಮನಿರುತ್ತದೆ. ದಿಕ್ಕಿನ ವಿಷಯವೂ ಹಾಗೆಯೇ. ಪಂಜಾಬಿನ ಕೂಳೆ ಸುಡುವ ಹೊಗೆ 300 ಕಿಲೋಮೀಟರ್ ಸಾಗಿ ಬರುವಾಗ ಮಾದರಿಯ ದಿಕ್ಕು 30 ಡಿಗ್ರಿ ತಪ್ಪಿದರೆ ಆ ಹೊಗೆ ಲೆಕ್ಕದಲ್ಲಿ ಸುಮಾರು 150 ಕಿಲೋಮೀಟರ್ ಪಕ್ಕಕ್ಕೆ ಸರಿದುಹೋಗುತ್ತದೆ.

ಮಿಶ್ರಣ ಪದರದ ಪರಿಶೀಲನೆ ಇನ್ನೂ ಕಷ್ಟ. ಭಾರತದಲ್ಲಿ ಹವಾಮಾನ ಬಲೂನುಗಳನ್ನು ಹಾರಿಸುವುದು ಸಾಮಾನ್ಯವಾಗಿ ಬೆಳಿಗ್ಗೆ 5.30 ಮತ್ತು ಸಂಜೆ 5.30ರ ವೀಕ್ಷಣೆಗಾಗಿ. ಪದರ ಗರಿಷ್ಠ ಎತ್ತರಕ್ಕೇರುವುದು ನಡುಮಧ್ಯಾಹ್ನದ ನಂತರ. ಆ ಹೊತ್ತು ಎರಡು ಬಲೂನುಗಳ ನಡುವೆ ಜಾರಿಹೋಗುತ್ತದೆ. ದೂಳಿನ ಕಣಗಳು ಬಿಸಿಲನ್ನು ತಡೆದು ಪದರವನ್ನು ಮತ್ತಷ್ಟು ಕುಗ್ಗಿಸುವುದರಿಂದ ಇಲ್ಲಿನ ತಪ್ಪು ತಾನಾಗಿಯೇ ಬೆಳೆಯುತ್ತದೆ. ಬೆಳಕಿನ ಕಿರಣ ಹಾಯಿಸಿ ಪದರದ ಎತ್ತರ ಗುರುತಿಸುವ ಲೈಡಾರ್, ಸೀಲೋಮೀಟರ್‌ಗಳ ನಿರಂತರ ಮಾಪನವೇ ಈ ಕೊರತೆಗೆ ಸರಿಯಾದ ಉತ್ತರ.

ಗಾಳಿಯಲ್ಲಿನ ಸೂಕ್ಷ್ಮ ಕಣಗಳ, ಅಂದರೆ ಪಿಎಂ 2.5ರ ಅಂಕಿ ತಾಳೆಯಾದ ಮಾತ್ರಕ್ಕೆ ಮಾದರಿ ಸರಿಯೆನ್ನಲಾಗದು. ಗಾಳಿಯನ್ನು ಹೆಚ್ಚು, ಹೊಗೆಯ ಮೂಲವನ್ನೂ ಹೆಚ್ಚು ಅಂದಾಜಿಸಿದರೆ ಎರಡು ತಪ್ಪುಗಳು ಒಂದನ್ನೊಂದು ಮುಚ್ಚಿಹಾಕುತ್ತವೆ. ಅಂಥ ಮಾದರಿಯನ್ನು ನಂಬಿ ಮೂಲಗಳಿಗೆ ಕಡಿವಾಣ ಹಾಕಿದರೆ ಫಲದ ಲೆಕ್ಕ ತಪ್ಪುತ್ತದೆ. ಆದ್ದರಿಂದ ವರ್ಷದ ಸರಾಸರಿಯ ಜೊತೆಗೆ ನಿಶ್ಚಲ ಗಾಳಿಯ ರಾತ್ರಿಗಳನ್ನೂ ಮಂಜಿನ ಮುಂಜಾವುಗಳನ್ನೂ ಪ್ರತ್ಯೇಕವಾಗಿ ಪರೀಕ್ಷಿಸಿ ಫಲಿತಾಂಶ ಪ್ರಕಟಿಸುವುದು ಅಗತ್ಯ.