ಗಡಿಯಂಚಿನ ಪ್ಸರಾದೆಸ್

ಯುರೋಪಿನ ಭೂಪಟವನ್ನು ಮುಂದೆ ಹರಡಿಕೊಂಡು ಗ್ರೀಸ್ ದೇಶದ ವಾಯವ್ಯ ಮೂಲೆಯತ್ತ ಕಣ್ಣು ಹಾಯಿಸಿರಿ. ಸಮುದ್ರಮಟ್ಟಕ್ಕೆ ಸುಮಾರು 850 ಮೀಟರ್ ಎತ್ತರದಲ್ಲಿ, ಬೆಟ್ಟಗಳ ನಡುವೆ, ಹಿರಿಯ ಪ್ರೆಸ್ಪಾ ಎಂಬ ಸರೋವರ ನಿಮಗೆ ಕಾಣುವುದು. ಅದರ ನೀರನ್ನು ಗ್ರೀಸ್, ಆಲ್ಬೇನಿಯ, ಉತ್ತರ ಮ್ಯಾಸಿಡೋನಿಯ ಈ ಮೂರು ದೇಶಗಳು ಹಂಚಿಕೊಂಡಿವೆ. ಮೂರು ಗಡಿಗಳು ಕೂಡುವುದು ನೀರಿನ ನಡುವೆ. ಅಲ್ಲಿ ಗಡಿಗಲ್ಲು ನೆಡಲು ನೆಲವೇ ಇಲ್ಲ. ಈ ಸರೋವರದ ಗ್ರೀಕ್ ದಂಡೆಯ ಮೇಲಿರುವ ಏಕೈಕ ಹಳ್ಳಿಯೇ ಪ್ಸರಾದೆಸ್.

ನೀರಿಗೆ ಗಡಿಯ ಹಂಗಿಲ್ಲ. ಸರೋವರದ ಪಶ್ಚಿಮಕ್ಕಿರುವ ಸುಣ್ಣಕಲ್ಲಿನ ಬೆಟ್ಟದೊಳಗೆ ಅದು ಜಿನುಗಿ, ಕೆಳಮಟ್ಟದಲ್ಲಿರುವ ಓಹ್ರಿಡ್ ಸರೋವರವನ್ನು ಗುಪ್ತಗಾಮಿನಿಯಾಗಿ ಸೇರುತ್ತದೆ. ಮನುಷ್ಯರಿಗಾದರೋ ಆ ಸ್ವಾತಂತ್ರ್ಯವಿರಲಿಲ್ಲ. 1912ರವರೆಗೆ ಈ ಸೀಮೆಯೆಲ್ಲ ತುರ್ಕಿಯ ಸುಲ್ತಾನರ ಆಳಿಕೆಗೆ ಒಳಪಟ್ಟಿತ್ತು. ಬಾಲ್ಕನ್ ಯುದ್ಧಗಳ ತರುವಾಯ, 1913ರ ಬುಖಾರೆಸ್ಟ್ ಒಪ್ಪಂದದಿಂದ ಹಳ್ಳಿ ಗ್ರೀಸಿನ ಪಾಲಿಗೆ ಬಂತು. ಸರೋವರದ ಉತ್ತರದ ದಂಡೆ ಸರ್ಬಿಯಕ್ಕೆ ಹೋಯಿತು. ಹಳ್ಳಿ ಇದ್ದಲ್ಲಿಯೇ ಇತ್ತು, ಗಡಿಯೇ ಅದರ ಬಾಗಿಲಿಗೆ ಬಂದಿತು.

ಆಗ ಅದರ ಹೆಸರು ನಿವಿತ್ಸಿ. ಈ ಭಾಗದ ಅನೇಕ ಹಳ್ಳಿಗಳ ಮನೆಮಾತು ಸ್ಲಾವ್ ನುಡಿ. 1920ರ ದಶಕದಲ್ಲಿ ಗ್ರೀಕ್ ಸರ್ಕಾರ ಇಂಥ ಊರುಗಳಿಗೆ ಗ್ರೀಕ್ ಹೆಸರುಗಳನ್ನಿಟ್ಟಿತು. ನಿವಿತ್ಸಿ ಪ್ಸರಾದೆಸ್ ಆಯಿತು, ಎಂದರೆ 'ಬೆಸ್ತರು'. ಅಲ್ಲಿಯವರ ಕಸುಬಿಗೆ ಒಪ್ಪುವ ಹೆಸರೇ ಸರಿ, ಆದರೆ ಅಜ್ಜಂದಿರು ಕರೆಯುತ್ತಿದ್ದ ಹೆಸರು ಕಾಗದಪತ್ರಗಳಿಂದ ಅಳಿಯಿತು. 1946ರಿಂದ 1949ರವರೆಗಿನ ಅಂತರ್ಯುದ್ಧದಲ್ಲಿ ಈ ಸೀಮೆಯ ಎಷ್ಟೋ ಕುಟುಂಬಗಳು ಗಡಿಯಾಚೆಗೆ ಹೋದವು. ಹಲವು ಮನೆಗಳು ಪಾಳುಬಿದ್ದವು.

ಇನ್ನು ಆಡಳಿತದ ಮಾತು. 2011ರಿಂದ ಜಾರಿಗೆ ಬಂದ ವ್ಯವಸ್ಥೆಯಂತೆ ಪ್ಸರಾದೆಸ್ ಪ್ರೆಸ್ಪಾ ಪುರಸಭೆಗೆ ಸೇರಿದೆ; ಅದರ ಕಚೇರಿ ಲೆಮೊಸ್ ಎಂಬ ಹಳ್ಳಿಯಲ್ಲಿದೆ. ಪುರಸಭೆಯ ಮೇಲೆ ಫ್ಲೊರಿನಾ ವಿಭಾಗ, ಅದರ ಮೇಲೆ ಕೊಜಾನಿಯನ್ನು ಮುಖ್ಯಸ್ಥಳವಾಗುಳ್ಳ ಪಶ್ಚಿಮ ಮ್ಯಾಸಿಡೋನಿಯ ಪ್ರಾಂತ. ಈ ಕೊನೆಯ ಹೆಸರನ್ನು ಗಮನಿಸಿರಿ. ಮ್ಯಾಸಿಡೋನಿಯ ಎಂಬುದು ಗ್ರೀಸಿನದೇ ಪ್ರದೇಶದ ಹೆಸರು. 1991ರಲ್ಲಿ ಯುಗೊಸ್ಲಾವಿಯದಿಂದ ಬೇರೆಯಾದ ನೆರೆಯ ರಾಷ್ಟ್ರವೂ ಅದೇ ಹೆಸರನ್ನಿಟ್ಟುಕೊಂಡಾಗ, ಮುಂದೆ ನಮ್ಮ ನೆಲದ ಮೇಲೂ ಹಕ್ಕು ಸಾಧಿಸಿಯಾರೆಂದು ಗ್ರೀಕರು ಶಂಕಿಸಿದರು. ಇಪ್ಪತ್ತೇಳು ವರ್ಷ ವ್ಯಾಜ್ಯ ನಡೆಯಿತು.

ಅದರ ಇತ್ಯರ್ಥಕ್ಕೆ ಆರಿಸಿದ ಸ್ಥಳ ಇದೇ ಪ್ಸರಾದೆಸ್. 2018ರ ಜೂನ್ 17ರಂದು ನೆರೆಯ ಪ್ರಧಾನಿ ಜೊರಾನ್ ಜಾಯೆವ್ ದೋಣಿಯಲ್ಲಿ ಈ ದಂಡೆಗೆ ಬಂದರು. ಗ್ರೀಕ್ ಪ್ರಧಾನಿ ಅಲೆಕ್ಸಿಸ್ ಸಿಪ್ರಾಸ್ ಬರಮಾಡಿಕೊಂಡರು. ವಿದೇಶಾಂಗ ಮಂತ್ರಿಗಳು ಸಹಿ ಹಾಕಿದರು. ಎರಡೂ ದೇಶಗಳಲ್ಲಿ ಪ್ರತಿಭಟನೆಗಳಾದರೂ ಒಪ್ಪಂದ ನಿಂತಿತು. 2019ರ ಫೆಬ್ರವರಿಯಲ್ಲಿ 'ಉತ್ತರ ಮ್ಯಾಸಿಡೋನಿಯ' ಎಂಬ ಹೆಸರು ಜಾರಿಗೆ ಬಂತು.

ನಿವಿತ್ಸಿಯ ಹೆಸರು ಬದಲಾದದ್ದು ಸರ್ಕಾರದ ಆಜ್ಞೆಯಿಂದ. ನೆರೆನಾಡಿನ ಹೆಸರು ಬದಲಾದದ್ದು ಎರಡು ಪಕ್ಷಗಳೂ ಎದುರುಬದುರು ಕುಳಿತು ಒಪ್ಪಿದ ಮೇಲೆ. ಎರಡನೆಯದೂ ಎಲ್ಲರಿಗೆ ಹಿತವಾಗಲಿಲ್ಲ ನಿಜ. ಆದರೂ ಎರಡು ಬಗೆಗಳ ಅಂತರ ಏನೆಂಬುದನ್ನು ಈ ಬೆಸ್ತರ ಹಳ್ಳಿಗಿಂತ ಚೆನ್ನಾಗಿ ಬಲ್ಲ ಊರು ವಿರಳ.