ಹಳಿ ಇಲ್ಲದ ಸೀಮೆಯ ಡೈನಮೋ

1884ರಲ್ಲಿ ಬೆಂಗಳೂರಿನಿಂದ ತುಮಕೂರಿಗೆ ರೈಲು ಬಂತು. ಅಲ್ಲಿಂದ ಹಳಿ ಗುಬ್ಬಿ, ತಿಪಟೂರು, ಅರಸೀಕೆರೆ ಎಂದು ಪಡುವಣದ ದಾರಿ ಹಿಡಿಯಿತು. ಮೂಡಲಲ್ಲಿ ಇನ್ನೊಂದು ಹಳಿ ಗೌರಿಬಿದನೂರು, ಹಿಂದೂಪುರಗಳನ್ನು ಮುಟ್ಟಿ ಗುಂತಕಲ್ಲಿನ ಕಡೆ ಹೋಯಿತು. ಇವೆರಡರ ನಡುವೆ ಕೊರಟಗೆರೆ, ಮಧುಗಿರಿ, ಶಿರಾ, ಪಾವಗಡ ಉಳಿದುಹೋದವು. ಇಪ್ಪತ್ತನೆಯ ಶತಮಾನ ಮುಗಿದರೂ ಈ ನಾಲ್ಕು ತಾಲ್ಲೂಕು ಕೇಂದ್ರಗಳಲ್ಲಿ ಒಂದಕ್ಕೂ ರೈಲು ನಿಲ್ದಾಣ ದಕ್ಕಲಿಲ್ಲ.

ಹಾಗಾಗಿ ಇಲ್ಲಿ ಕಡಲೆಕಾಯಿ ಮೂಟೆಯಿಂದ ಹಿಡಿದು ಮದುವೆ ದಿಬ್ಬಣದವರೆಗೆ ಎಲ್ಲವನ್ನೂ ರಸ್ತೆಯೇ ಹೊರಬೇಕಾಯಿತು, ಮೊದಲು ಎತ್ತಿನ ಗಾಡಿಯಲ್ಲಿ, ಆಮೇಲೆ ಬಸ್ಸು, ಲಾರಿ, ಬಾಡಿಗೆ ಕಾರುಗಳಲ್ಲಿ. ಶಿರಾದ ಇತಿಹಾಸ ಎಂದರೆ ಮೊಗಲರ ಸುಬಾ ಮತ್ತು ಜುಮ್ಮಾ ಮಸೀದಿ, ಮಧುಗಿರಿಯದೆಂದರೆ ಏಕಶಿಲಾ ಬೆಟ್ಟದ ಕೋಟೆ ಎಂದು ಬರೆದು ಮುಗಿಸುವುದು ವಾಡಿಕೆ. ಆದರೆ ಕಳೆದ ನೂರು ವರ್ಷ ಈ ಊರುಗಳ ಜನಜೀವನ ಓಡಿದ್ದು ಗಾಲಿಯ ಮೇಲೆ. ಆ ಗಾಲಿಗಳನ್ನು ರಾತ್ರಿ ಹೊತ್ತೂ ಓಡುವಂತೆ ಇಟ್ಟಿದ್ದರಲ್ಲಿ ಬಸ್‌ಸ್ಟ್ಯಾಂಡಿನ ಆಸುಪಾಸು ಒಂದು ಮರದ ಬೆಂಚು, ಒಂದು ಟೆಸ್ಟ್ ಲ್ಯಾಂಪು, ನಾಲ್ಕಾರು ಬ್ಯಾಟರಿ ಇಟ್ಟುಕೊಂಡು ಕೂತ ಆಟೋ ಎಲೆಕ್ಟ್ರಿಷಿಯನ್‌ಗೆ ದೊಡ್ಡ ಪಾಲಿದೆ. ಆ ಕಸುಬಿನ ಚರಿತ್ರೆಯನ್ನು ಯಾರೂ ಶಾಸನದಲ್ಲಿ ಕೆತ್ತಿಲ್ಲ. ಅದು ಹಳೆಯ ಕಾರುಗಳ ತಂತಿಗಳಲ್ಲೇ ಇದೆ.

ಮೋಟಾರು ಬಂದ ಮೊದಮೊದಲು ತಂತಿಯ ತಕರಾರೇ ಕಡಿಮೆ. ಮ್ಯಾಗ್ನೆಟೋ ಎಂಬ ಉಪಕರಣ ಬ್ಯಾಟರಿಯ ಹಂಗಿಲ್ಲದೆ ಎಂಜಿನ್ನಿಗೆ ಕಿಡಿ ಕೊಡುತ್ತಿತ್ತು, ದೀಪಕ್ಕೆ ಸೀಮೆಎಣ್ಣೆ ಇಲ್ಲವೇ ಕಾರ್ಬೈಡು, ಎಂಜಿನ್ ಎಬ್ಬಿಸಲು ಮುಂದೆ ನಿಂತು ಹ್ಯಾಂಡಲ್ ಹೊಡೆಯುವ ತೋಳು. 1912ರ ಕ್ಯಾಡಿಲಾಕ್ ಕಾರಿನಲ್ಲಿ ಅಮೆರಿಕದ ಚಾರ್ಲ್ಸ್ ಕೆಟರಿಂಗ್ ವಿದ್ಯುತ್ ಸ್ಟಾರ್ಟರು, ಬ್ಯಾಟರಿ, ದೀಪ, ಅವಕ್ಕೆಲ್ಲ ಊಟವಿಕ್ಕುವ ಜನರೇಟರು ಅಂದರೆ ಡೈನಮೋ, ಇಷ್ಟನ್ನೂ ಒಂದೇ ವ್ಯವಸ್ಥೆಯಾಗಿ ಕೂಡಿಸಿದ. ಅವನ ಕಂಪನಿಯ ಹೆಸರು ಡೆಲ್ಕೋ. ಡಿಸ್ಟ್ರಿಬ್ಯೂಟರನ್ನು ನಮ್ಮ ಮೆಕ್ಯಾನಿಕರು ಇಂದಿಗೂ ಕರೆಯುವುದು ಅದೇ ಹೆಸರಿನಿಂದ.

1928ರಲ್ಲಿ ಜನರಲ್ ಮೋಟಾರ್ಸ್ ಮುಂಬಯಿಯಲ್ಲಿ ಷೆವರ್ಲೆ ಬಿಡಿಭಾಗಗಳನ್ನು ತಂದು ಜೋಡಿಸಲು ಶುರುಮಾಡಿತು. ಆ ಗಾಡಿಗಳು 6 ವೋಲ್ಟಿನವು, ಬ್ಯಾಟರಿಯ ಮೈನಸ್ ಕಡೆಯನ್ನು ಗಾಡಿಯ ಬಾಡಿಗೆ, ಅಂದರೆ ಲೋಹದ ಮೈಗೆ, ಜೋಡಿಸಿರುತ್ತಿದ್ದರು. ಫೋರ್ಡ್ ಕೂಡ 6 ವೋಲ್ಟೇ, ಆದರೆ ಅಲ್ಲಿ ಪ್ಲಸ್ ಬಾಡಿಗೆ. ಎರಡೂ ಗಾಡಿ ಎಲೆಕ್ಟ್ರಿಷಿಯನ್ ಕೂತ ಒಂದೇ ಕಟ್ಟೆಯ ಮುಂದೆ ನಿಂತರೆ ಒಂದರ ರೂಢಿಯಲ್ಲಿ ಇನ್ನೊಂದಕ್ಕೆ ಕೈ ಹಾಕುವಂತಿರಲಿಲ್ಲ. ಅದರ ಮೇಲೆ ಎರಡನೇ ಮಹಾಯುದ್ಧ ಬಂತು, ಪೆಟ್ರೋಲು ಪಡಿತರಕ್ಕೆ ಬಿತ್ತು. ಬಸ್ಸುಗಳ ಬೆನ್ನಿಗೆ ಇದ್ದಿಲಿನ ಒಲೆ ಏರಿತು. ಕೈಯಲ್ಲಿ ಗಾಳಿಯಂತ್ರ ತಿರುಗಿಸಿ, ಕೆಂಡ ಹೊತ್ತಿಸಿ, ಅನಿಲ ಹುಟ್ಟಿದ ಮೇಲೆ ಎಂಜಿನ್ ಎಬ್ಬಿಸಬೇಕಾದ ಕಾಲ ಅದು.

ಮೈಸೂರು ಸೀಮೆಯ ರಸ್ತೆಗಳಲ್ಲಿ ಮೈಸೂರಿನದೇ ಕಾರು ಓಡಬಹುದಿತ್ತು. ಸರ್ ಎಂ. ವಿಶ್ವೇಶ್ವರಯ್ಯನವರು 1935ರಲ್ಲಿ ಯೂರೋಪು, ಅಮೆರಿಕಗಳ ಮೋಟಾರು ಕಾರ್ಖಾನೆಗಳನ್ನು ನೋಡಿಬಂದು ಯೋಜನೆ ಸಿದ್ಧಮಾಡಿದ್ದರು. ಅದನ್ನು ಬೆಂಗಳೂರಿನಲ್ಲಿ ನಿಲ್ಲಿಸಲು ಉದ್ಯಮಿ ವಾಲಚಂದ್ ಹೀರಾಚಂದರೂ ಮುಂದಾಗಿದ್ದರು. ಭಾರತದ ಬ್ರಿಟಿಷ್ ಸರ್ಕಾರ ಅದಕ್ಕೆ ಸಹಕಾರ ಕೊಡಲಿಲ್ಲ. 1940ರ ಡಿಸೆಂಬರಿನಲ್ಲಿ ವಾಲಚಂದರು ಬೆಂಗಳೂರಿನಲ್ಲಿ ಹುಟ್ಟುಹಾಕಿದ್ದು ವಿಮಾನದ ಕಾರ್ಖಾನೆ, ಕಾರಿನದಲ್ಲ. ಅವರ ಪ್ರೀಮಿಯರ್ ಆಟೋಮೊಬೈಲ್ಸ್ 1944ರಲ್ಲಿ ಮುಂಬಯಿಯಲ್ಲಿ ತಲೆಯೆತ್ತಿತು. ಅದು ಮೊದಲು ಜೋಡಿಸಿದ ಡಾಜ್, ಡಿಸೋಟೋ, ಪ್ಲಿಮತ್ ಗಾಡಿಗಳಲ್ಲಿ ಮತ್ತೆ 6 ವೋಲ್ಟು, ಮತ್ತೆ ಪ್ಲಸ್ ಬಾಡಿಗೆ. ಬೆಂಗಳೂರಿನ ಕಾರ್ಖಾನೆ ಕೈತಪ್ಪಿದ್ದು ಈ ನಾಡಿಗಾದ ನಷ್ಟವೇ ಸರಿ.

1948ರ ಸೆಪ್ಟೆಂಬರ್ 12ರಂದು ಮೈಸೂರು ಸರ್ಕಾರದ ರಸ್ತೆ ಸಾರಿಗೆ ಇಲಾಖೆ 120 ಬಸ್ಸುಗಳೊಂದಿಗೆ ಆರಂಭವಾಯಿತು, 1961ರಲ್ಲಿ ಸಾರಿಗೆ ಸಂಸ್ಥೆ ಬಂತು. ಸರ್ಕಾರಿ ಬಸ್ಸಿಗೆ ಡಿಪೋ ಇತ್ತು, ಅಲ್ಲಿ ಸಂಬಳದ ಎಲೆಕ್ಟ್ರಿಷಿಯನ್ ಇದ್ದ. ಖಾಸಗಿ ಬಸ್ಸು, ಲಾರಿ, ಬಾಡಿಗೆ ಕಾರುಗಳಿಗೆ ಪೇಟೆಯ ಕಟ್ಟೆಯೇ ಗತಿ.

ಆ ಕಟ್ಟೆಯ ನಿಜವಾದ ಕಾಲ ಅಂಬಾಸಿಡರಿನದು. ಮಾರಿಸ್ ಆಕ್ಸ್‌ಫರ್ಡ್ ಸೀರೀಸ್ 3ರ ಅಚ್ಚಿನಲ್ಲಿ ಹಿಂದೂಸ್ತಾನ್ ಮೋಟಾರ್ಸ್ ಬಂಗಾಳದ ಉತ್ತರಪಾರಾದಲ್ಲಿ ಐವತ್ತರ ದಶಕದ ಕೊನೆಗೆ ಅದನ್ನು ಹೊರತಂದಿತು. ಮುಂಬಯಿಯ ಫಿಯೆಟ್ 1100, ಅದೇ ಮುಂದೆ ಪದ್ಮಿನಿಯಾಯಿತು, ಅದರ ಜೊತೆಗಾರ. ಬೆಂಗಳೂರಿನಲ್ಲಿ 1951ರಲ್ಲೇ ಮೋಟಾರು ಬಿಡಿಭಾಗಗಳ ಕಂಪನಿ ಮೈಕೋ ಸ್ಥಾಪನೆಯಾಗಿತ್ತು. 1961ರಲ್ಲಿ ಮದ್ರಾಸಿನ ಪಾಡಿಯಲ್ಲಿ ಲ್ಯೂಕಾಸ್-ಟಿವಿಎಸ್ ಬಂದ ಮೇಲೆ ಡೈನಮೋ, ಸೆಲ್ಫು ಎನ್ನುವ ಸ್ಟಾರ್ಟರು, ಕಾಯಿಲು, ಡೆಲ್ಕೋ ಎಲ್ಲ ದೇಶದಲ್ಲೇ ತಯಾರಾದವು. ಮಧುಗಿರಿಯ ಗಾಡಿಗೆ ಲ್ಯೂಕಾಸ್ ಕಂಪನಿಯ ತವರಾದ ಬರ್ಮಿಂಗ್‌ಹ್ಯಾಮಿನಿಂದ ಕಾರ್ಬನ್ ಬ್ರಷ್ ಬರಲಿ ಎಂದು ಕಾಯುವ ಕಷ್ಟ ತಪ್ಪಿತು. ಬೆಂಗಳೂರಿನ ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗಳಿಗೆ ಬೆಳಗಿನ ಬಸ್ಸಿನಲ್ಲಿ ಒಬ್ಬ ಹುಡುಗನನ್ನು ಕಳಿಸಿದರೆ ಸಾಕಿತ್ತು.

ಲ್ಯೂಕಾಸ್ ಪದ್ಧತಿಯ ತಂತಿಗೆ ಒಂದು ಬಣ್ಣದ ಲಿಪಿಯಿದೆ. ಕಂದು ಎಂದರೆ ಸ್ವಿಚ್ಚಿನ ಹಂಗಿಲ್ಲದೆ ಬ್ಯಾಟರಿಯಿಂದ ಸದಾ ಹರಿಯುವ ಕರೆಂಟು. ಬಿಳಿ ಎಂದರೆ ಕೀ ತಿರುಗಿಸಿದ ಮೇಲೆ ಬರುವುದು. ಹಸಿರು ಕೀ ದಾಟಿ ಫ್ಯೂಸೂ ದಾಟಿದ್ದು, ನೀಲಿ ಹೆಡ್‌ಲೈಟಿನದು, ಕೆಂಪು ಸೈಡ್ ಲೈಟಿನದು, ಕಪ್ಪು ಅರ್ಥಿನದು, ಅಂದರೆ ಬಾಡಿಗೆ ಸೇರುವುದು. ಡೈನಮೋದಿಂದ ಕಟೌಟ್ ಡಬ್ಬಿಗೆ ಹೋಗುವ ದಪ್ಪ ತಂತಿ ಹಳದಿ, ಫೀಲ್ಡ್ ಕಾಯಿಲಿನದು ಹಳದಿಗೆ ಹಸಿರು ಗೆರೆ. ಇಂಗ್ಲಿಷ್ ಕೈಪಿಡಿ ಓದಲು ಬಾರದವರೂ ಈ ಲಿಪಿಯನ್ನು ಬಾಯಿಪಾಠ ಮಾಡಿಕೊಂಡರು. ಪಾವಗಡದಲ್ಲಿ ಮೂರು ದಿಕ್ಕಿಗೂ ಆಂಧ್ರ. ಗಿರಾಕಿ ಅರ್ಧ ತೆಲುಗು ಅರ್ಧ ಕನ್ನಡದಲ್ಲಿ ದೂರು ಹೇಳಿದರೂ ತಂತಿಯ ಭಾಷೆ ಒಂದೇ.

ಬಿಸಿಲಿನ ಸೀಮೆ ಈ ಲಿಪಿಯನ್ನೇ ಅಳಿಸುತ್ತದೆ. ಹಳೆಯ ತಂತಿಗೆ ರಬ್ಬರಿನ ಹೊದಿಕೆ, ಅದರ ಮೇಲೆ ಹತ್ತಿಯ ನೇಯ್ಗೆ. ಎಂಜಿನ್ ಕಾವು, ಎಣ್ಣೆ, ಧೂಳು ಸೇರಿ ಬಣ್ಣವೆಲ್ಲ ಒಂದೇ ಕಪ್ಪಾಗುತ್ತದೆ, ಒಳಗಿನ ರಬ್ಬರು ಬಿರುಕು ಬಿಡುತ್ತದೆ. ಅಂಥ ಗಾಡಿಯಲ್ಲಿ ಮೊದಲ ಕೆಲಸ ರಿಪೇರಿಯಲ್ಲ, ಓದು. ಟೆಸ್ಟ್ ಲ್ಯಾಂಪಿನ ಒಂದು ತುದಿ ಬಾಡಿಗೆ ಕಚ್ಚಿಸಿ, ಇನ್ನೊಂದನ್ನು ಒಂದೊಂದೇ ಟರ್ಮಿನಲ್ಲಿಗೆ ಮುಟ್ಟಿಸುತ್ತ ಕರೆಂಟು ಎಲ್ಲಿಯವರೆಗೆ ಬಂದು ಎಲ್ಲಿ ನಿಂತಿದೆ ಎಂದು ಹುಡುಕುವುದು. ಕಸುಬು ಬಲ್ಲವರಿಗೂ ಅರೆಬರೆ ಕಲಿತವರಿಗೂ ಇದ್ದ ವ್ಯತ್ಯಾಸ ಇಲ್ಲಿಯೇ ಕಾಣುತ್ತಿತ್ತು. ಅರೆಬರೆಯವರು ಬಂದ ತಕ್ಷಣ ಒಂದು ಹೊಸ ತಂತಿ ಎಳೆದು ಟೇಪು ಸುತ್ತಿ ಕಳಿಸುತ್ತಿದ್ದರು. ನಾಲ್ಕು ಸಲ ಹಾಗಾದರೆ ಆ ಗಾಡಿಯನ್ನು ಮುಂದೆ ಯಾರೂ ಓದಲಾರರು. ಇಂದು ಹಳೆಯ ಕಾರು ಕೊಂಡವರು ಎದುರಿಸುವ ತೊಂದರೆಗಳಲ್ಲಿ ಬಹುಪಾಲು ಹೀಗೆ ಒಂದರ ಮೇಲೊಂದು ಎಳೆದ ತಂತಿಗಳವೇ.

“ಚಾರ್ಜ್ ಆಗ್ತಿಲ್ಲ ಕಣಣ್ಣ” ಎಂದು ಡ್ರೈವರ್ ಬಂದರೆ ಮೊದಲ ಪ್ರಶ್ನೆ “ಬೆಲ್ಟ್ ನೋಡಿದ್ಯೇನಪ್ಪ?” ಸಡಿಲ ಬೆಲ್ಟು ಜಾರಿದರೆ ಎಂಥ ಡೈನಮೋ ಆದರೂ ಪ್ರಯೋಜನವಿಲ್ಲ. ಆಮೇಲೆ ಬ್ಯಾಟರಿಯ ಒಂದೊಂದೇ ಮುಚ್ಚಳ ತೆಗೆದು ಹೈಡ್ರೋಮೀಟರಿನಲ್ಲಿ ಆಮ್ಲ ಎಳೆದು ನೋಡುವುದು. 1250ರ ಮೇಲಿದ್ದರೆ ತುಂಬಿದೆ. ಐದು ಸೆಲ್ಲು ಏರಿ ಒಂದು ಮಾತ್ರ ಬಿದ್ದಿದ್ದರೆ ತಪ್ಪು ಬ್ಯಾಟರಿಯದೇ, ಡೈನಮೋ ಮುಟ್ಟುವಂತಿಲ್ಲ. ಡಿಸ್ಟಿಲ್ಡ್ ವಾಟರಿನ ಬದಲು ಬೋರಿನ ನೀರು ಹಾಕಿದ ಬ್ಯಾಟರಿ ಬೇಗ ಸಾಯುತ್ತದೆ. ನೀರಿನಲ್ಲಿ ಫ್ಲೋರೈಡೂ ಲವಣವೂ ತುಂಬಿದ ಪಾವಗಡದಂಥ ಕಡೆ ಆ ಮಾತಿಗೆ ಇನ್ನಷ್ಟು ತೂಕ.

ಬೆಲ್ಟು, ಬ್ಯಾಟರಿ ಎರಡೂ ಸರಿಯಿದ್ದರೆ ಡೈನಮೋದ ಸರದಿ. ಅದಕ್ಕೆ ಲ್ಯೂಕಾಸ್ ಹೇಳಿಕೊಟ್ಟ ಪರೀಕ್ಷೆ ಇಂದಿಗೂ ಕೆಲಸಕ್ಕೆ ಬರುತ್ತದೆ. ಡೈನಮೋದ ಎರಡು ತಂತಿಗಳನ್ನೂ ಬಿಚ್ಚಿ, ‘ಡಿ’ ಮತ್ತು ‘ಎಫ್’ ಟರ್ಮಿನಲ್ಲುಗಳನ್ನು ಒಂದಕ್ಕೊಂದು ಸೇರಿಸಿ, ಅಲ್ಲಿಂದ ಬಾಡಿಗೆ ವೋಲ್ಟ್ ಮೀಟರ್ ಇಟ್ಟು ಎಂಜಿನ್ ವೇಗವನ್ನು ಮೆಲ್ಲಗೆ ಏರಿಸಬೇಕು. ಮುಳ್ಳು ತಡವರಿಸದೆ ಮೇಲೇರಿದರೆ ಡೈನಮೋ ಚೆನ್ನಾಗಿದೆ, 20 ವೋಲ್ಟ್ ದಾಟಲು ಬಿಡಬಾರದು. ಅರ್ಧದಿಂದ ಒಂದು ವೋಲ್ಟಿನಲ್ಲೇ ನಿಂತರೆ ಫೀಲ್ಡ್ ಕಾಯಿಲ್ ಮೇಲೆ ಅನುಮಾನ. ನಾಲ್ಕೈದು ವೋಲ್ಟಿಗೆ ನಿಂತರೆ ಆರ್ಮೇಚರ್ ವೈಂಡಿಂಗ್. ಏನೂ ಬರದಿದ್ದರೆ ಬ್ರಷ್ಷು. ಕಾಮ್ಯುಟೇಟರಿನ ತಾಮ್ರ ಸವೆದು ನಡುವಿನ ಮೈಕಾ ಮೇಲೆದ್ದಿದ್ದರೆ ಹ್ಯಾಕ್ಸಾ ಬ್ಲೇಡಿನಿಂದ ಗೀರಿ ಅದನ್ನು ತಗ್ಗಿಸುವ ಕೈಚಳಕವೂ ಬೇಕಿತ್ತು. ಒಂದು ಮೀಟರು, ಒಂದು ತುಂಡು ತಂತಿ, ಮೂರು ಉತ್ತರ: ಇಷ್ಟು ಚೊಕ್ಕವಾದ ರೋಗಪರೀಕ್ಷೆ ಇಂದಿನ ಸ್ಕ್ಯಾನರುಗಳಲ್ಲೂ ವಿರಳ.

ಡೈನಮೋ ಪಾಸಾದರೆ ತಪ್ಪು ಕಟೌಟ್ ಡಬ್ಬಿಯಲ್ಲಿ. ಬ್ಯಾಟರಿಯನ್ನು ತೊಟ್ಟಿ, ಡೈನಮೋವನ್ನು ಪಂಪ್‌ಸೆಟ್ಟು ಎಂದುಕೊಂಡರೆ ಕಟೌಟ್ ಅವೆರಡರ ನಡುವಿನ ವಾಲ್ವು. ವೋಲ್ಟೇಜು ಸುಮಾರು 13ಕ್ಕೆ ಏರಿದಾಗ ಅದರ ಪಾಯಿಂಟು ಕೂಡುತ್ತದೆ, ಎಂಜಿನ್ ನಿಧಾನವಾದಾಗ ಬಿಡುತ್ತದೆ. ಬಿಡದೆ ಅಂಟಿಕೊಂಡರೆ ರಾತ್ರಿಯೆಲ್ಲ ಬ್ಯಾಟರಿ ಹಿಂದಕ್ಕೆ ಡೈನಮೋದೊಳಕ್ಕೇ ಸೋರಿಹೋಗುತ್ತದೆ, ತಂತಿ ಸುಡುವ ಅಪಾಯವೂ ಉಂಟು. ಅರ್ಥ್ ಪಟ್ಟಿಯ ಕಥೆ ಇನ್ನೊಂದು. ಎಂಜಿನ್ನಿಗೂ ಚಾಸಿಗೂ ನಡುವಿನ ಆ ಹೆಣೆದ ತಾಮ್ರದ ಪಟ್ಟಿ ಕಿತ್ತುಹೋದರೆ ಸೆಲ್ಫಿನ ನೂರಾರು ಆಂಪಿಯರ್ ಕರೆಂಟು ಚೋಕ್ ಕೇಬಲ್ಲಿನಂಥ ಬಡಪಾಯಿ ದಾರಿ ಹುಡುಕುತ್ತದೆ. ಚೋಕ್ ಗುಂಡಿಯಿಂದ ಹೊಗೆ ಬಂತೆಂದು ಕಾರ್ಬುರೇಟರ್ ಬಿಚ್ಚಿ ಕೂತರೆ ದಿನವೆಲ್ಲ ಹಾಳು.

ಡೈನಮೋಗೆ ಹುಟ್ಟಿನಿಂದಲೇ ಒಂದು ಮಿತಿ. ನಿಂತಲ್ಲೇ ಎಂಜಿನ್ ಮೆಲ್ಲಗೆ ತಿರುಗುವಾಗ ಅದು ಏನನ್ನೂ ಕೊಡದು, ವೇಗ ಹಿಡಿದಾಗಲೂ ಲ್ಯೂಕಾಸ್ ಸಿ40 ಮಾದರಿಯಿಂದ ಸಿಗುವುದು 22 ಆಂಪಿಯರ್. ಎರಡು ಹೆಡ್‌ಲೈಟು, ಹಿಂದಿನ ದೀಪ, ಕಾಯಿಲು, ವೈಪರು ಸೇರಿದರೆ ಹದಿನೈದರ ಆಸುಪಾಸು ಅಲ್ಲೇ ಖರ್ಚು. ಶನಿವಾರ ಪಾವಗಡದ ಶನಿಮಹಾತ್ಮನ ಗುಡಿಗೂ ಶುಕ್ರವಾರ ಗೊರವನಹಳ್ಳಿಯ ಮಹಾಲಕ್ಷ್ಮಿಗೂ ಭಕ್ತರನ್ನು ಕರೆದೊಯ್ಯುವ ಬಾಡಿಗೆ ಕಾರಿಗೆ ಮಾಲೀಕ ಫಾಗ್ ಲೈಟು, ಟೇಪ್ ರೆಕಾರ್ಡರು, ಜೋಡಿ ಹಾರನ್ನು ಹಾಕಿಸುತ್ತಿದ್ದ. 55 ವಾಟಿನ ಎರಡು ಫಾಗ್ ಲೈಟೇ 9 ಆಂಪಿಯರ್ ತಿನ್ನುತ್ತವೆ. ಅಲ್ಲಿಗೆ ಲೆಕ್ಕ ತಪ್ಪಿತು. ಬೆಳಗ್ಗೆ ಸೆಲ್ಫ್ ಎತ್ತದ ಕಾರನ್ನು ಪ್ರಯಾಣಿಕರೇ ಇಳಿದು ತಳ್ಳುತ್ತಿದ್ದುದಕ್ಕೆ ಕಾರಣ ದೈವವಲ್ಲ, ಈ ಕೂಡುಕಳೆಯುವ ಲೆಕ್ಕ.

ಪರಿಹಾರ ಆಲ್ಟರ್ನೇಟರಿನಲ್ಲಿತ್ತು. 1960ರ ಕ್ರೈಸ್ಲರ್ ವೇಲಿಯಂಟ್ ಅದನ್ನು ಸಾಮಾನ್ಯರ ಕಾರಿಗೆ ತಂದಿತು. ನಮ್ಮಲ್ಲಿ 1983ರ ಡಿಸೆಂಬರಿನಲ್ಲಿ ಬಂದ ಮಾರುತಿ 800 ಹೊತ್ತಿಗೆ ಡೈನಮೋದ ಆಯುಷ್ಯ ಮುಗಿಯುತ್ತ ಬಂದಿತ್ತು. ಆಲ್ಟರ್ನೇಟರು ಎಂಜಿನ್ ಮೆಲ್ಲಗಿದ್ದಾಗಲೂ ಚಾರ್ಜ್ ಕೊಡುತ್ತದೆ. ಆದರೆ ಅದರ ಡಯೋಡುಗಳು ತಪ್ಪನ್ನು ಕ್ಷಮಿಸುವುದಿಲ್ಲ. ಬ್ಯಾಟರಿಯನ್ನು ಒಮ್ಮೆ ತಿರುಗುಮುರುಗು ಕಚ್ಚಿಸಿದರೆ ಮುಗಿಯಿತು. ಮಾರಿಸ್ ತಳಿಯ ಹಳೆಯ ಕಾರುಗಳು ಪ್ಲಸ್ ಅರ್ಥಿನವು, ಫಿಯೆಟ್ ಮೈನಸ್ಸಿನದು ಎಂದು ಕಲಿತ ಕೈಗಳಿಗೆ ಇದು ಹೊಸ ಪಾಠ. ಡೈನಮೋವನ್ನಾದರೆ ಬ್ಯಾಟರಿ ತಿರುಗಿಸಿ, ಫೀಲ್ಡಿಗೆ ಒಂದು ಕ್ಷಣ ಕರೆಂಟು ಮುಟ್ಟಿಸಿ, ಕಾಯಿಲಿನ ಮತ್ತು ಆಮೀಟರಿನ ತಂತಿಗಳನ್ನು ಅದಲುಬದಲು ಮಾಡಿ ಮೈನಸ್ಸಿಗೆ ಒಗ್ಗಿಸಬಹುದಿತ್ತು.

ಇನ್ನೊಂದು ತೊಡಕು ಅನೇಕರನ್ನು ಅಲೆದಾಡಿಸಿದೆ. ಡೈನಮೋ ಕಾರಿನಲ್ಲಿ ಡ್ಯಾಶ್‌ಬೋರ್ಡಿನ ಕೆಂಪು ದೀಪ ಸುಟ್ಟುಹೋದರೂ ಚಾರ್ಜಿಂಗ್ ನಡೆಯುತ್ತದೆ. ಲ್ಯೂಕಾಸಿನ ಎಸಿಆರ್ ತರಹದ ಆಲ್ಟರ್ನೇಟರಿಗೆ ಆ ದೀಪದ ಮೂಲಕವೇ ಮೊದಲ ಕರೆಂಟು ಸಿಗಬೇಕು. ಬಲ್ಬು ಹೋದರೆ ಚಾರ್ಜಿಂಗೇ ಶುರುವಾಗದಿರಬಹುದು. ಹತ್ತಿಪ್ಪತ್ತು ರೂಪಾಯಿಯ ಬಲ್ಬನ್ನು ನೋಡದೆ ಆಲ್ಟರ್ನೇಟರನ್ನೇ ಬದಲಿಸುವುದು ದುಡ್ಡನ್ನು ಸುಟ್ಟಂತೆ.

ಸುವರ್ಣ ಚತುಷ್ಪಥ ಹೆದ್ದಾರಿ ಶಿರಾವನ್ನು ಹಾದುಹೋದ ಮೇಲೆ, ಎಲ್ಲ ಕಾರಿಗೂ ಕಂಪ್ಯೂಟರ್ ಬಂದ ಮೇಲೆ ಡೈನಮೋ ವೈಂಡಿಂಗ್ ಮಾಡುವ ಕೈಗಳು ಬೇರೆ ಕೆಲಸಕ್ಕೆ ತಿರುಗಿದವು. ಅಂಬಾಸಿಡರ್ ತಯಾರಿಕೆ 2014ರ ಮೇ ತಿಂಗಳಲ್ಲಿ ನಿಂತಿತು. ಪಾವಗಡದ ತಿರುಮಣಿಯ ಸುತ್ತ 13,000 ಎಕರೆಯಲ್ಲಿ 2,050 ಮೆಗಾವಾಟಿನ ಸೋಲಾರ್ ಪಾರ್ಕ್ ಎದ್ದಿದೆ. ಅಲ್ಲಿನ ಫಲಕಗಳು ಹುಟ್ಟಿಸುವುದೂ ಡೈನಮೋದಂತೆ ಡಿಸಿ ಕರೆಂಟನ್ನೇ, ಅಲ್ಲೂ ಸಡಿಲ ಕನೆಕ್ಷನ್ನು ಹುಡುಕುವವರು ಬೇಕು. ರೈಲೂ ಕೊನೆಗೆ ಹೊರಟಿದೆ: ತುಮಕೂರು–ರಾಯದುರ್ಗ, ತುಮಕೂರು–ದಾವಣಗೆರೆ ಮಾರ್ಗಗಳ ಕೆಲಸ ನಡೆದಿದೆ.

ಉಳಿದ ಹಳೆಯ ಕಾರುಗಳಿಗೆ 2021ರ ಕೇಂದ್ರ ನಿಯಮ ಒಂದು ದಾರಿ ತೋರಿಸಿದೆ. 50 ವರ್ಷ ದಾಟಿದ, ಮೂಲರೂಪದಲ್ಲಿರುವ ಗಾಡಿಗೆ 20,000 ರೂಪಾಯಿ ಶುಲ್ಕದಲ್ಲಿ ಹತ್ತು ವರ್ಷದ ವಿಂಟೇಜ್ ನೋಂದಣಿ. ಚಾಸಿ, ಬಾಡಿ, ಎಂಜಿನ್ನುಗಳಲ್ಲಿ ದೊಡ್ಡ ಬದಲಾವಣೆ ಕೂಡದು. ಆ ಪಟ್ಟಿಯಲ್ಲಿ ಡೈನಮೋದ ಹೆಸರಿಲ್ಲ. ಆದರೂ ಮಧುಗಿರಿಯ ಕೆಎ-64 ಕಚೇರಿಗಾಗಲಿ, ತುಮಕೂರಿನ ಕೆಎ-06 ಕಚೇರಿಗಾಗಲಿ ಕಾಗದ ಒಯ್ಯುವ ಮೊದಲು, ಡೈನಮೋ ತೆಗೆದು ಆಲ್ಟರ್ನೇಟರ್ ಹಾಕಿಸಬೇಕೇ ಎಂದು ಮಾಲೀಕರು ಎರಡು ಸಲ ಯೋಚಿಸಬೇಕು. ದೀಪಕ್ಕೆ ರಿಲೇ ಹಾಕಿ, ಅರ್ಥ್ ಪಟ್ಟಿ ಬದಲಿಸಿ, ಹತ್ತಿ ನೇಯ್ದ ತಂತಿಯ ಜಾಗಕ್ಕೆ ಅದೇ ಬಣ್ಣದ ಪಿವಿಸಿ ತಂತಿ ಎಳೆದರೆ ಹಗಲು ಓಡುವ ಕಾರಿಗೆ ಡೈನಮೋ ಸಾಕು. ಆಲ್ಟರ್ನೇಟರ್ ಬೇಕೇಬೇಕೆಂದರೆ 22 ಆಂಪಿಯರಿಗೆಂದು ಎಳೆದ ಹಳೆಯ ಕಂದು ತಂತಿಯ ಮೇಲೆ 36 ಆಂಪಿಯರ್ ಹೊರಿಸದೆ ಅದಕ್ಕೆ ದಪ್ಪ ತಂತಿ ಕೊಡಬೇಕು, ಬಿಚ್ಚಿದ ಡೈನಮೋವನ್ನೂ ಕಟೌಟ್ ಡಬ್ಬಿಯನ್ನೂ ಗುಜರಿಗೆ ಹಾಕದೆ ಡಿಕ್ಕಿಯಲ್ಲೇ ಜೋಪಾನ ಮಾಡಬೇಕು.